ದಿಂಬಿಗೊಂದು ಕೊಸರು

ಕಣ್ಣು ಅರ್ಧ ಮುಚ್ಚಿ. ಕಿವಿ ಪೂರ್ತಿ ತೆಗೀರಿ. ಹೇಳ್ತೀನಿ.

ಒಂದು ಅಳಿಲಮ್ಮ. ಅವಳಿಗೊಂದು ಮರಿ. ಮರಿಯ ಹೆಸರು ಪಿಳಿ. ದಿಂಬಿಲ್ಲದೆ ಪಿಳಿ ಮಲಗಲ್ಲ ಅಂದ್ರೆ ಮಲಗಲ್ಲ.

ಅಳಿಲಮ್ಮ ಸಂತೆಗೆ ಹೋದಳು. ಗೊರವಂಕಣ್ಣನ ಅಂಗಡಿಯಿಂದ ದಿಂಬು ತಂದಳು. ಮೆತ್ತನೆ ದಿಂಬು. ಬೂರುಗದ ಹತ್ತಿಯ ದಿಂಬು. ಪಿಳಿ ತಲೆ ಇಟ್ಟಿತು. ಆಕಳಿಸಿತು. ಅಷ್ಟರಲ್ಲಿ, ಪುಸ್! ಹೊಲಿಗೆ ಬಿಟ್ಟಿತು. ಹತ್ತಿ ಪೊಟರೆಯಿಂದ ಆಚೆ ಹಾರಿತು. ಸಂಜೆಯ ಆಕಾಶಕ್ಕೆ ಹೋಯಿತು.

"ಅಮ್ಮಾ, ನನ್ನ ನಿದ್ದೆ!" ಅಂತ ಪಿಳಿ ಅತ್ತಿತು. ಕಣ್ಣು ಪಿಳಿಪಿಳಿ.

ಪಾಪ, ಅಳಿಲಮ್ಮ ಖಾಲಿ ದಿಂಬು ಹಿಡಿದು ಓಡಿದಳು.

"ಗೊರವಂಕಣ್ಣ, ಗೊರವಂಕಣ್ಣ! ಹೊಲಿಗೆ ಬಿಟ್ಟೋಯ್ತು, ಹತ್ತಿ ಹಾರೋಯ್ತು, ಪಿಳಿ ನಿದ್ದೆ ಓಡೋಯ್ತು!"

ಗೊರವಂಕ ತಲೆ ಎತ್ತಲಿಲ್ಲ. "ಮಾರೋದು ನನ್ನ ಕೆಲಸ. ಹೊಲಿಯೋದು ಗೀಜಗನ ಕೆಲಸ. ಅವನ್ನ ಕೇಳು."

ಆಕಾಶ ಕಿತ್ತಳೆ ಬಣ್ಣವಾಯಿತು. ಅಳಿಲಮ್ಮ ಗೀಜಗನ ಹತ್ತಿರ ಹೋದಳು.

"ಗೀಜಗಣ್ಣ, ಗೀಜಗಣ್ಣ! ಗೊರವಂಕ ನಿನ್ನ ಕೇಳು ಅಂದ. ಹೊಲಿಗೆ ಬಿಟ್ಟೋಯ್ತು, ಹತ್ತಿ ಹಾರೋಯ್ತು, ಪಿಳಿ ನಿದ್ದೆ ಓಡೋಯ್ತು!"

ಗೀಜಗನೂ ತಲೆ ಎತ್ತಲಿಲ್ಲ. "ಹೊಲಿಯೋದು ನನ್ನ ಕೆಲಸ. ದಾರ ಕೊಡೋದು ಜೇಡಕ್ಕನ ಕೆಲಸ. ಅವಳನ್ನ ಕೇಳು."

ಆಕಾಶ ಗುಲಾಬಿ ಬಣ್ಣವಾಯಿತು. ಅಳಿಲಮ್ಮ ಜೇಡಕ್ಕನ ಹತ್ತಿರ ಹೋದಳು.

"ಜೇಡಕ್ಕ, ಜೇಡಕ್ಕ! ಗೊರವಂಕ ಗೀಜಗನ್ನ ಕೇಳು ಅಂದ. ಗೀಜಗ ನಿನ್ನ ಕೇಳು ಅಂದ. ಹೊಲಿಗೆ ಬಿಟ್ಟೋಯ್ತು, ಹತ್ತಿ ಹಾರೋಯ್ತು, ಪಿಳಿ ನಿದ್ದೆ ಓಡೋಯ್ತು!"

ಜೇಡಕ್ಕ ಎಂಟು ಕಾಲೂ ಆಡಿಸಿದಳು. ತಲೆ ಮಾತ್ರ ಎತ್ತಲಿಲ್ಲ. "ದಾರ ಕೊಡೋದು ನನ್ನ ಕೆಲಸ. ಹತ್ತಿ ಹಾರಿಸೋದು ಗಾಳಿರಾಯನ ಕೆಲಸ. ಅವನ್ನ ಕೇಳು."

ಆಕಾಶ ನೇರಳೆ ಬಣ್ಣವಾಯಿತು. ಅಳಿಲಮ್ಮ ಗುಡ್ಡ ಹತ್ತಿದಳು.

"ಗಾಳಿರಾಯ, ಗಾಳಿರಾಯ! ಗೊರವಂಕ ಗೀಜಗನ್ನ ಕೇಳು ಅಂದ. ಗೀಜಗ ಜೇಡಕ್ಕನ್ನ ಕೇಳು ಅಂದ. ಜೇಡಕ್ಕ ನಿನ್ನ ಕೇಳು ಅಂದಳು. ಹೊಲಿಗೆ ಬಿಟ್ಟೋಯ್ತು, ಹತ್ತಿ ಹಾರೋಯ್ತು, ಪಿಳಿ ನಿದ್ದೆ ಓಡೋಯ್ತು!"

"ಹಾರಿಸೋದು ನನ್ನ ಕೆಲಸ," ಅಂತ ಗಾಳಿರಾಯ ಸುಯ್ಯೆಂದ. "ಹತ್ತಿ ಕೊಡೋದು ಬೂರುಗದಜ್ಜಿ ಕೆಲಸ. ಅವಳನ್ನ ಕೇಳು."

ಬೂರುಗದಜ್ಜಿ ದೊಡ್ಡ ಮರ. ಮೈ ತುಂಬ ಮುಳ್ಳು, ಹೊಟ್ಟೆ ತುಂಬ ಹತ್ತಿ. ಅಳಿಲಮ್ಮನಿಗೆ ಹೆದರಿಕೆ. ಹತ್ತಿರ ಹೋಗಿ ಮುದುಡಿ ನಿಂತಳು.

ಅಜ್ಜಿ ಕೊಂಬೆ ಬಗ್ಗಿಸಿದಳು.

"ದಣಿದಿದ್ದೀಯಲ್ಲೇ ಮಗಳೇ. ಕೂತ್ಕೋ. ಏನಾಯ್ತು?"

ಏನಾಯ್ತು! ಯಾರಾದರೂ ಕೇಳಿದ್ದರಾ? ಊಹೂಂ. ಅಳಿಲಮ್ಮ ಗಳಗಳ ಅತ್ತಳು.

"ಅಜ್ಜೀ, ಗೊರವಂಕ ಗೀಜಗನ್ನ ಕೇಳು ಅಂದ. ಗೀಜಗ ಜೇಡಕ್ಕನ್ನ ಕೇಳು ಅಂದ. ಜೇಡಕ್ಕ ಗಾಳಿರಾಯನ್ನ ಕೇಳು ಅಂದಳು. ಗಾಳಿರಾಯ ನಿನ್ನ ಕೇಳು ಅಂದ. ಹೊಲಿಗೆ ಬಿಟ್ಟೋಯ್ತು, ಹತ್ತಿ ಹಾರೋಯ್ತು, ಪಿಳಿ ನಿದ್ದೆ ಓಡೋಯ್ತು!"

ಅಜ್ಜಿ ಪೂರ್ತಿ ಕೇಳಿದಳು. ಒಂದು ಕಾಯಿ ಬಿರಿಸಿದಳು. ಬೆಳ್ಳನೆ ಹತ್ತಿ ಕೊಟ್ಟಳು. "ಇದು ಪಿಳಿ ದಿಂಬಿಗೆ." ಆಮೇಲೆ ಇನ್ನೊಂದು ಹಿಡಿ ಕೊಟ್ಟಳು. "ಇದು ಕೊಸರು."

"ಕೊಸರಾ ಅಜ್ಜಿ?"

"ಹೂಂ. ಅಳೆದು ಕೊಟ್ಟ ಮೇಲೆ ಪ್ರೀತಿಗೆ ಹಾಕೋದು. ಸಂತೆಯಲ್ಲಿ ಈಗ ಯಾರೂ ಹಾಕಲ್ವಾ?"

"ಎಲ್ಲರೂ ಮರೆತಿದ್ದಾರೆ ಅಜ್ಜಿ."

"ಹಾಗಾದ್ರೆ ದಾರಿಯಲ್ಲಿ ಹಂಚ್ಕೊಂಡು ಹೋಗು."

ಅಳಿಲಮ್ಮ ಗಾಳಿರಾಯನಿಗೆ ಒಂದು ಚೂರು ಕೊಟ್ಟಳು. "ನನಗಾ? ಸುಮ್ಮನೆ?" ಅಂತ ಗಾಳಿರಾಯ ಮೆತ್ತಗಾದ. ಹತ್ತಿ ಹೊತ್ತು ತಂದ. ಕೊಸರಿಗೆ ಅಳಿಲಮ್ಮನನ್ನೂ ಹೊತ್ತು ತಂದ.

ಜೇಡಕ್ಕನಿಗೆ ಒಂದು ಚೂರು ಕೊಟ್ಟಳು. "ನನಗಾ? ಸುಮ್ಮನೆ?" ಅಂತ ಜೇಡಕ್ಕ ನಕ್ಕಳು. ದಾರ ಕೊಟ್ಟಳು. ಕೊಸರಿಗೆ ಒಂದು ಗೇಣು ಜಾಸ್ತಿ ಕೊಟ್ಟಳು.

ಗೀಜಗನಿಗೆ ಒಂದು ಚೂರು ಕೊಟ್ಟಳು. "ನನಗಾ? ಸುಮ್ಮನೆ?" ಅಂತ ಗೀಜಗ ತಲೆ ಎತ್ತಿದ. ದಿಂಬು ತುಂಬಿ ಹೊಲಿದ. ಜಾಸ್ತಿ ದಾರ ಉಳಿದಿತ್ತಲ್ಲ, ಕೊಸರಿಗೆ ಒಂದು ಹೊಲಿಗೆ ಹಾಕಿದ. "ಅಯ್ಯೋ, ಮೊದಲ ದಿಂಬಿಗೆ ಇದನ್ನೇ ಹಾಕಿರಲಿಲ್ಲ ಕಣಮ್ಮ!"

ಕೊನೆಗೆ ಗೊರವಂಕನ ಅಂಗಡಿ. ಕೊಸರು ಖಾಲಿ. ಅಳಿಲಮ್ಮ ಬರಿಗೈ ತೋರಿಸಿದಳು.

ಗೊರವಂಕ ದಿಂಬು ನೋಡಿದ. ಆ ಕೊನೆಯ ಹೊಲಿಗೆ ನೋಡಿದ. ಅವನಿಗೆ ನಾಚಿಕೆಯಾಯಿತು. ಮೆಲ್ಲಗೆ ಕೇಳಿದ.

"ಏನಾಯ್ತಮ್ಮ? ಈಗ ಹೇಳು, ಕೇಳ್ತೀನಿ."

ಅವಳು ಹೇಳಿದಳು. ಅವನು ಕೇಳಿದ. ಪೂರ್ತಿ ಕೇಳಿದ. ಆಮೇಲೆ ಅಂಗಡಿ ಮುಚ್ಚಿ, ದಿಂಬು ತಾನೇ ಹೊತ್ತು ಪೊಟರೆಗೆ ಬಂದ.

ಅಜ್ಜಿ ಹತ್ತಿ ಕೊಟ್ಟಳು. ಗಾಳಿರಾಯ ಹೊತ್ತು ತಂದ. ಜೇಡಕ್ಕ ದಾರ ಕೊಟ್ಟಳು. ಗೀಜಗ ಹೊಲಿದ. ಗೊರವಂಕ ಮನೆಗೆ ತಂದ. ಕೊಸರಿಗೆ ಒಂದು ಜೋಗುಳ ಹಾಡಿದ.

ಪಿಳಿ ತಲೆ ಇಟ್ಟಿತು. ಪಿಳಿ... ಪಿಳಿ... ಪಿ...

ಓಡಿಹೋದ ನಿದ್ದೆ ವಾಪಸ್ ಬಂತು.

ಕಥೆ ಅಳೆದು ಕೊಟ್ಟೆ. ಕೊಸರು ಬೇಡವಾ? ಹಣೆ ತೋರಿಸಿ. ಒಂದು ಮುತ್ತು.