ಚೀಲ ಹಿಡಿದವನ ಲೆಕ್ಕ

“ಬುದ್ಧಿ, ಅಂಗಡಿಯವರೇ ಲೆಕ್ಕ ತಪ್ಪಿದರೆ, ಅದನ್ನು ಸರಿಮಾಡುವ ಹೊಣೆ ಕೊಂಡುಕೊಂಡವನಿಗೂ ಇದೆಯೆ?”

ಕೇಳಿದವನು ಮರಿದೇವ. ಮಠದ ದಾಸೋಹದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ. ಆ ದಿನ ಬೆಳಿಗ್ಗೆ ಪೇಟೆಗೆ ಹೋಗಿ ದಿನಸಿ ತಂದಿದ್ದ. ಬರುವಾಗ ಬಸ್ಸಿನಲ್ಲಿ ಕೂತು ಬಿಲ್ಲು ನೋಡಿದ. ಅಕ್ಕಿ ಇತ್ತು, ಬೇಳೆ ಇತ್ತು, ಬೆಲ್ಲ ಇತ್ತು. ಎಣ್ಣೆಯ ಡಬ್ಬ ಮಾತ್ರ ಬಿಲ್ಲಿನಲ್ಲಿ ಇರಲಿಲ್ಲ. ಡಬ್ಬ ಅವನ ಕಾಲ ಬಳಿಯಲ್ಲೇ ಇತ್ತು.

ಗುರುಗಳು ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. “ಹೇಗೆ ತಪ್ಪಿತಂತೆ?” ಎಂದು ಕೇಳಿದರು.

“ಕೌಂಟರಿನಲ್ಲಿ ಕೂರುವ ಹುಡುಗಿಗೆ ನಮ್ಮ ಮಠ ಗೊತ್ತು, ಬುದ್ಧಿ. ಬಿಲ್ಲು ಹಾಕುತ್ತಲೇ ‘ಬುದ್ಧಿಯವರ ಮಂಡಿನೋವು ಈಗ ಹೇಗಿದೆ ಅಣ್ಣ’ ಎಂದು ವಿಚಾರಿಸಿದಳು. ಆ ಮಾತಿನಲ್ಲಿ ಡಬ್ಬ ಈಚೆಗೆ ದಾಟಿಬಿಟ್ಟಿದೆ. ನಾನು ಸುಳ್ಳು ಹೇಳಲಿಲ್ಲ, ಏನನ್ನೂ ಮುಚ್ಚಿಡಲಿಲ್ಲ. ಎಣ್ಣೆಯೂ ನನ್ನ ಹೊಟ್ಟೆಗಲ್ಲ, ದಾಸೋಹಕ್ಕೆ. ಅಷ್ಟು ದೊಡ್ಡ ಅಂಗಡಿಗೆ ಒಂದು ಡಬ್ಬ ಯಾವ ಲೆಕ್ಕ?”

“ಓಹೋ! ಎಣ್ಣೆ ನಮಗೆ, ತಪ್ಪು ಅವರಿಗೆ. ಚೆನ್ನಾಗಿ ಪಾಲು ಮಾಡಿದೆಯಪ್ಪ!” ಎಂದು ಗುರುಗಳು ನಕ್ಕರು. ಮರಿದೇವನ ಮುಖ ಸಣ್ಣದಾಯಿತು. ಅದನ್ನು ಕಂಡು ಅವರು ದನಿ ತಗ್ಗಿಸಿದರು. “ಬೇಜಾರು ಮಾಡಿಕೊಳ್ಳಬೇಡ ಮರಿ. ನುಂಗಿ ಹಾಕುವವನಾಗಿದ್ದರೆ ನನ್ನ ಹತ್ತಿರ ಬಂದು ಕೇಳುತ್ತಿರಲಿಲ್ಲ. ಮನಸ್ಸು ಚುಚ್ಚಿದ್ದಕ್ಕೇ ತಾನೆ ಬಂದದ್ದು? ಕೂತುಕೋ. ಒಬ್ಬ ಬಡಗಿಯ ಕತೆ ಹೇಳುತ್ತೇನೆ.”

ಗುರುಗಳು ಹೇಳತೊಡಗಿದರು.

ಒಂದು ಊರು. ಅಲ್ಲೊಬ್ಬ ಅಕ್ಕಿ ವರ್ತಕ. ಅವನ ಅಂಗಡಿಯಲ್ಲಿ ಅಕ್ಕಿ ಅಳೆದು ಕೊಡುವುದಕ್ಕೆಂದೇ ಒಬ್ಬ ಆಳು ಇದ್ದ. ಬೆಳಿಗ್ಗೆ ಎಷ್ಟು ಅಕ್ಕಿ ಒಪ್ಪಿಸಿಕೊಂಡನೋ ಸಂಜೆ ಅಷ್ಟಕ್ಕೂ ಅವನು ಲೆಕ್ಕ ಕೊಡಬೇಕು. ಅವನ ಬದುಕೆಲ್ಲ ಅಕ್ಕಿ ಅಳೆಯುವ ಆ ಕೊಳಗದ ಮೇಲೆಯೇ ನಡೆದಿತ್ತು.

ಆಗಿನ ಅಳತೆಗೆ ಒಂದು ಕ್ರಮವಿತ್ತು. ಮೊದಲ ಕೊಳಗ ಸುರಿದಾಗ ‘ಒಂದು’ ಅನ್ನುವ ಹಾಗಿಲ್ಲ, ‘ಲಾಭ’ ಅನ್ನಬೇಕು. ಒಳ್ಳೆಯ ಮಾತಿನಿಂದ ಶುರುವಾಗಲಿ ಅಂತ. ಆಮೇಲೆ ಎರಡು, ಮೂರು, ಹೀಗೆ. ಮುಂದಿನ ಕೊಳಗ ತುಂಬುವ ತನಕ ಅಳೆಯುವವನು ಹಿಂದಿನ ಎಣಿಕೆಯನ್ನೇ, ಮೊದಲನೆಯದಾದರೆ ಲಾಭ, ಲಾಭ, ಲಾಭ ಅಂತ, ಹೇಳುತ್ತಲೇ ಇರಬೇಕು. ಎದುರಿಗೆ ಚೀಲದ ಬಾಯಿ ಹಿಡಿದು ನಿಂತ ಗಿರಾಕಿಯೂ ಜೊತೆಯಲ್ಲಿ ಅದನ್ನೇ ಅನ್ನಬೇಕು. ಒಬ್ಬನಿಗೆ ಲೆಕ್ಕ ತಪ್ಪಿದರೆ ಇನ್ನೊಬ್ಬ ಹಿಡಿಯಲಿ ಅಂತ. ಗೊತ್ತಾಯಿತೆ? ಅಳತೆ ಅನ್ನುವುದು ಇಬ್ಬರೂ ಸೇರಿ ಮಾಡುವ ಕೆಲಸವಾಗಿತ್ತು.

ಆ ಊರಿನ ಒಬ್ಬ ಬಡಗಿ ಅಕ್ಕಿಗೆ ಬಂದ. ಅವನ ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬೀದಿಯವರಿಗೆಲ್ಲ ಊಟ ಹಾಕಬೇಕೆಂದು ಅವನ ಆಸೆ. ಕೈ ಬಿಗಿ, ಆಸೆ ದೊಡ್ಡದು. ತಪ್ಪೇನಿಲ್ಲ ಬಿಡು, ಅಂಥ ಸಂತೋಷದಲ್ಲಿ ಯಾರಿಗೆ ಆಸೆಯಾಗುವುದಿಲ್ಲ?

ಅಳೆಯುವವನು ಮೊದಲ ಕೊಳಗ ಸುರಿದು ‘ಲಾಭ’ ಅಂದ. ಬಡಗಿಯೂ ‘ಲಾಭ’ ಅಂದ. ಅಷ್ಟರಲ್ಲಿ ಅಳೆಯುವವನಿಗೆ ತಡೆಯಲಾಗಲಿಲ್ಲ. “ಅಲ್ಲಯ್ಯಾ, ಮಗಳಿಗೆ ಏನು ಮಗು, ಹೇಳಲೇ ಇಲ್ಲವಲ್ಲ?” ಎಂದು ಕೇಳಿದ. “ಹೆಣ್ಣು ಮಗು” ಎಂದ ಬಡಗಿ. “ಅಯ್ಯೋ ನನ್ನಪ್ಪಾ, ಲಕ್ಷ್ಮೀನೇ ಬಂದಳಲ್ಲ! ಆ ಹುಡುಗಿ ಎಷ್ಟು ಕೊರಗಿತ್ತು!” ಎಂದು ಅಳೆಯುವವನು ಕೊಳಗ ಕೆಳಗಿಟ್ಟು ಕಣ್ಣೊರೆಸಿಕೊಂಡ. ಸುಮ್ಮನೆ ಆಡಿದ ಮಾತಲ್ಲ, ನಿಜವಾಗಿ ಹಿಗ್ಗಿದ್ದ. ಮತ್ತೆ ಕೊಳಗ ತುಂಬಿದ, ಸುರಿದ, ‘ಲಾಭ’ ಅಂದ.

ಬಡಗಿಯ ನಾಲಗೆಯ ತುದಿಗೆ ‘ಎರಡು’ ಬಂದಿತ್ತು. ಅದು ಅಲ್ಲೇ ನಿಂತಿತು. ಅವನೂ ಮೆಲ್ಲಗೆ ‘ಲಾಭ’ ಅಂದ.

ಅವನನ್ನು ಬೈಯಬೇಡ ಮರಿ. ಕದಿಯಬೇಕೆಂದು ಮನೆಯಿಂದ ಹೊರಟವನಲ್ಲ ಅವನು. ಮನೆ ತುಂಬ ನೆಂಟರು, ಚೀಲದಲ್ಲಿ ಬೇಕಾದದ್ದಕ್ಕಿಂತ ಕಡಿಮೆ ಅಕ್ಕಿ, ಎದುರಿಗೆ ತಾನಾಗಿ ಬಂದು ಬೀಳುತ್ತಿರುವ ಕೊಳಗ. ಬಾಯಿ ಬರಲಿಲ್ಲ, ಅಷ್ಟೆ.

ಚೀಲ ಮನೆಗೆ ಬಂತು. ಅವನ ಹೆಂಡತಿ ಅಕ್ಕಿ ಅಳೆದು ನೋಡಿದಳು. “ಏನ್ರೀ, ಒಂದು ಕೊಳಗ ಜಾಸ್ತಿ ಇದೆಯಲ್ಲ?”

“ಮಗುವಿನ ಹೆಸರಿನಲ್ಲಿ ಕೊಸರು ಹಾಕಿದ್ದಾನೆ ಬಿಡೆ.”

“ಕೊಸರನ್ನು ಹಿಡಿಯಲ್ಲಿ ಹಾಕುತ್ತಾರೆ ಕಣ್ರೀ. ಕೊಳಗದಲ್ಲಿ ಹಾಕಿದವರನ್ನು ನಾನಂತೂ ಕಾಣೆ.”

ಬಡಗಿ ಮಾತು ಬೆಳೆಸಲಿಲ್ಲ. ವರ್ತಕನ ಮನೆಯಲ್ಲಿ ಅಕ್ಕಿ ರಾಶಿರಾಶಿ ಬಿದ್ದಿದೆ, ಇಲಿ ತಿನ್ನುವುದೇ ಇದಕ್ಕಿಂತ ಹೆಚ್ಚು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಿನ್ನ ದೊಡ್ಡ ಅಂಗಡಿಯ ಹಾಗೆಯೇ ನೋಡು. ಆ ಅಕ್ಕಿಯೂ ಅವನೊಬ್ಬನ ಹೊಟ್ಟೆಗೆ ಹೋಗಲಿಲ್ಲ, ಹತ್ತು ಜನರ ಎಲೆಗೇ ಬಿತ್ತು.

ಮರುದಿನ ಶಾಸ್ತ್ರ ಚೆನ್ನಾಗಿಯೇ ನಡೆಯಿತು. ಬಂದವರು ಹೊಟ್ಟೆ ತುಂಬ ಉಂಡು ಮಗುವನ್ನು ಹರಸಿದರು. ಅಳೆಯುವವನು ಮಾತ್ರ ಬರಲಿಲ್ಲ. ಬಡಗಿ ಅವನಿಗೆಂದು ಒಂದು ಎಲೆ ಹಾಕಿಸಿ ಬಾಗಿಲು ನೋಡುತ್ತಾ ನಿಂತ. ಎಲೆ ಒಣಗಿತು.

ನೆಂಟರನ್ನು ಕಳುಹಿಸಿ ಅಂಗಡಿಗೆ ಹೋದ. ಕೊಳಗದ ಮುಂದೆ ಯಾರೋ ಹೊಸಬ ಕೂತಿದ್ದ.

“ಏನು ಹೇಳಲಿ?” ಎಂದ ವರ್ತಕ. “ನಿನ್ನೆ ಸಂಜೆ ಒಂದು ಕೊಳಗ ಅಕ್ಕಿ ಕಡಿಮೆ ಬಂತು. ಯಾರಿಗೆ ಹೆಚ್ಚು ಹೋಗಿದೆಯೋ ವಿಚಾರಿಸೋಣ, ಬಡಗಿಯನ್ನೂ ಒಂದು ಮಾತು ಕೇಳೋಣ ಅಂದೆ. ಅವನು ಅಡ್ಡ ನಿಂತ. ‘ಬಡಗಿ ನನ್ನ ಜೊತೆ ಬಾಯಿಬಿಟ್ಟು ಎಣಿಸಿದ್ದಾನೆ ಧಣಿ, ಅವನ ಅಳತೆಯಲ್ಲಿ ತಪ್ಪಿರುವುದಿಲ್ಲ. ಶುಭಕಾರ್ಯದ ಮನೆಯ ಬಾಗಿಲಿಗೆ ಲೆಕ್ಕ ಕೇಳುವುದಕ್ಕೆ ಹೋಗಬೇಡಿ’ ಅಂದ. ಹಾಗಾದರೆ ಅಕ್ಕಿ ಎಲ್ಲಿಗೆ ಹೋಯಿತಯ್ಯ ಅಂದರೆ ತಲೆ ತಗ್ಗಿಸಿ ನಿಂತ. ನಾನು ಏನಂತ ತಿಳಿಯಲಿ, ನೀನೇ ಹೇಳು. ಕೆಲಸದಿಂದ ಬಿಡಿಸಿದೆ.”

ವರ್ತಕ ಕೆಟ್ಟವನೇನಲ್ಲ. ಆದರೆ ಅಷ್ಟು ಹೊತ್ತಿಗೆ ಬೀದಿಯವರು ಅಳೆಯುವವನನ್ನು ಕಳ್ಳ ಅಂದಾಗಿತ್ತು. ಹಾಗೆ ಅಂದವರಲ್ಲಿ ಬಡಗಿಯ ಮನೆಯಲ್ಲಿ ಉಂಡು ಬಂದವರೂ ಇದ್ದರು.

ಬಡಗಿ ಅಂಗಡಿಯ ಕಂಬ ಹಿಡಿದುಕೊಂಡ. ಗಿರಾಕಿಗಳೆಲ್ಲ ಕೇಳುವ ಹಾಗೆ ಹೇಳಿದ. “ಅವನು ಎರಡನೆಯ ಕೊಳಗಕ್ಕೂ ಲಾಭ ಅಂದ ಧಣಿ. ಅವನು ಮರೆತಿದ್ದ. ನಾನು ಮರೆತಿರಲಿಲ್ಲ.”

ಇಬ್ಬರೂ ಕೂಡಿ ಅಳೆಯುವವನ ಮನೆಗೆ ಹೋದರು. ಅವನು ಹೊಸ್ತಿಲ ಮೇಲೆ ಕೂತಿದ್ದ. ಬಡಗಿಯನ್ನು ಕಂಡವನೇ ಎದ್ದು ನಿಂತ. ತನ್ನ ಕೆಲಸದ ಮಾತೆತ್ತಲಿಲ್ಲ. “ಬರುವುದಕ್ಕೆ ಆಗಲಿಲ್ಲ ಕಣಯ್ಯಾ, ತಪ್ಪು ತಿಳಿಯಬೇಡ. ಮಗುವಿಗೆ ಏನು ಹೆಸರಿಟ್ಟಿರಿ?” ಎಂದು ಕೇಳಿದ. ಬಡಗಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಅಳೆಯುವವನಿಗೆ ಕೆಲಸ ಮತ್ತೆ ಸಿಕ್ಕಿತು. ವರ್ತಕನೇ ಕೈಹಿಡಿದು ಕರೆದುಕೊಂಡು ಹೋಗಿ ಕೊಳಗದ ಮುಂದೆ ಕೂರಿಸಿದ. ಊರೂ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೆ ಆಮೇಲೆ ಅಕ್ಕಿ ಅಳೆಯುವಾಗ ಅವನು ತಲೆ ಎತ್ತಲಿಲ್ಲ. ಯಾರ ಮನೆಯ ಮಗುವಿನ ಸುದ್ದಿಯನ್ನೂ ಕೇಳಲಿಲ್ಲ.

ಗುರುಗಳು ಕತೆ ಮುಗಿಸಿದರು. ಮಂಡಿಯ ಮೇಲೆ ಕೈಯಾಡಿಸಿಕೊಂಡರು.

ಮರಿದೇವ ಹೇಳಿದ. “ಆ ಬಡಗಿಗೆ ಅಂಗಡಿಯಲ್ಲೇ ಗೊತ್ತಿತ್ತು, ಬುದ್ಧಿ. ನನಗೆ ಗೊತ್ತಾದದ್ದು ಬಸ್ಸು ಹತ್ತಿದ ಮೇಲೆ.”

“ಹೌದು ಮರಿ. ಬಡಗಿಗಿಂತ ನೀನು ಪುಣ್ಯವಂತ” ಎಂದರು ಗುರುಗಳು. “ಆ ಹುಡುಗಿ ಸಂಜೆ ಲೆಕ್ಕ ಒಪ್ಪಿಸುವುದು ಎಷ್ಟು ಗಂಟೆಗೆ?”

ಮರಿದೇವ ಬಿಲ್ಲನ್ನೂ ಎಣ್ಣೆಯ ಡಬ್ಬವನ್ನೂ ಎತ್ತಿಕೊಂಡು ಪೇಟೆಯ ಬಸ್ಸಿಗೆ ಹೊರಟ.