ಕನ್ನಡಿ ದಿಣ್ಣೆ

ದಂಡಿಗನಪಾಳ್ಯದ ಕೆರೆ ಏರಿಯಿಂದ ಕೂಗಳತೆ ದೂರದಲ್ಲಿ ಒಂದು ಎತ್ತರದ ಜಾಗವಿದೆ. ಸುತ್ತಲೂ ಎದೆಮಟ್ಟದ ಗಾರೆ ಗೋಡೆ, ಪಶ್ಚಿಮದ ಬಾಗಿಲ ಹೊರಗೆ ಒಂದು ಹಳೆಯ ಹುಣಸೆಮರ, ಒಳಗೆ ಹತ್ತೋ ಹನ್ನೆರಡೋ ಸಮಾಧಿ ಕಲ್ಲುಗಳು. ಹಿಂದೆ ಇಲ್ಲಿ ಪರಂಗಿಯವರ ದಂಡು, ಅಂದರೆ ಸೈನ್ಯ, ಬೀಡುಬಿಟ್ಟಿತ್ತು; ತೀರಿಕೊಂಡ ಸೈನಿಕರನ್ನು ಇಲ್ಲಿಯೇ ಮಣ್ಣು ಮಾಡಿದರು. ಹಾಗಿದ್ದರೆ ದಂಡಿನ ದಿಣ್ಣೆ ಎಂದೋ ಗೋರಿ ದಿಣ್ಣೆ ಎಂದೋ ಕರೆಯಬೇಕಿತ್ತು. ಆದರೆ ಊರಿನವರೆಲ್ಲ ಇದನ್ನು ಕನ್ನಡಿ ದಿಣ್ಣೆ ಎನ್ನುತ್ತಾರೆ. ಅದಕ್ಕೆ ಹಿರಿಯರು ಹೇಳುವ ಕಾರಣ ಹೀಗಿದೆ.

ಹಿಂದೆ ಒಮ್ಮೆ, ದಂಡು ಊರು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಸರ್ಕಾರದಿಂದ ಒಂದು ಆಜ್ಞೆ ಬಂತಂತೆ. ಸಮಾಧಿಗಳ ಫೋಟೋ ತೆಗೆಯಬೇಕು. ಫೋಟೋದಲ್ಲಿ ಹೆಸರು ಓದಲು ಬರುವ ಕಲ್ಲುಗಳು ಇದ್ದಲ್ಲೇ ಇರಲಿ, ಉಳಿದವನ್ನು ಕಿತ್ತು ಕೆರೆಯ ತೂಬು ಕಟ್ಟಲು ಹಾಕಲಿ. ಫೋಟೋ ತೆಗೆಯಲು ಬಂದವರು ದೊರೆಸ್ವಾಮಿ ಎಂಬುವವರು. ಕಲ್ಲು ಹೊರಲು ಬಂದ ಗಾಡಿ, ಅದರ ಮೇಸ್ತ್ರಿ ಹನುಮಣ್ಣನ ಜೊತೆ, ಬೆಳಗಿನಿಂದಲೇ ಹುಣಸೆಮರದ ಕೆಳಗೆ ನಿಂತಿತ್ತು. ಆಗ ಫೋಟೋ ತೆಗೆಯುವುದು ಈಗಿನಷ್ಟು ಸುಲಭವಿರಲಿಲ್ಲ. ಒಂದೊಂದು ಚಿತ್ರಕ್ಕೂ ಒಂದೊಂದು ಗಾಜಿನ ಹಲಗೆ ಬೇಕು. ದೊರೆಸ್ವಾಮಿ ಹನ್ನೆರಡು ಹಲಗೆ ತಂದಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹನ್ನೊಂದು ಮುಗಿದಿದ್ದವು. ಉಳಿದದ್ದು ಒಂದು ಹಲಗೆ, ಮೂಲೆಯ ಒಂದು ಕಲ್ಲು.

ಆ ಕಲ್ಲಿನ ಪಕ್ಕದಲ್ಲಿ ಆರೋಗ್ಯಮ್ಮ ಕೂತಿದ್ದಳು. ಅದು ಅವಳ ಅಪ್ಪ ಇನ್ನಾಸಪ್ಪನ ಕಲ್ಲು. ಅವನು ದಂಡಿನಲ್ಲಿ ಕಹಳೆ ಊದುತ್ತಿದ್ದ. ಅವಳು ಎರಡು ವರ್ಷದ ಕೂಸಾಗಿದ್ದಾಗ ಜ್ವರದಿಂದ ಸತ್ತ. ಅಪ್ಪನ ಮುಖ ಅವಳಿಗೆ ನೆನಪಿರಲಿಲ್ಲ. ಅವಳ ಪಾಲಿಗೆ ಅಪ್ಪ ಎಂದರೆ ಆ ಕಲ್ಲೇ. ಆದ್ದರಿಂದ ಮದುವೆಯಾದಂದಿನಿಂದ ಪ್ರತಿವರ್ಷ ಸತ್ತವರ ಹಬ್ಬಕ್ಕೆ, ಒಂದು ವರ್ಷವೂ ತಪ್ಪದೆ, ಅವಳು ಅದಕ್ಕೆ ಸುಣ್ಣ ಬಳಿಯುತ್ತಿದ್ದಳು. ಉಳಿದ ಕಲ್ಲುಗಳು ಕಪ್ಪಾಗಿದ್ದರೂ ಅವುಗಳ ಅಕ್ಷರ ಕಾಣುತ್ತಿತ್ತು. ಅಪ್ಪನ ಕಲ್ಲು ಮಾತ್ರ ಹಾಲಿನಂತೆ ಬೆಳ್ಳಗಿತ್ತು, ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ.

"ಅಮ್ಮಾ, ಅಕ್ಷರಕ್ಕೆಲ್ಲ ಸುಣ್ಣ ತುಂಬಿಕೊಂಡಿದೆ," ಎಂದರು ದೊರೆಸ್ವಾಮಿ.

ಆರೋಗ್ಯಮ್ಮನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದಳು. ತೆಂಗಿನ ನಾರು ತಂದು, ನೀರು ಸುರಿದು, ಉಜ್ಜತೊಡಗಿದಳು. ಮೇಲಿನ ಪದರ ಹೋಯಿತು, ಒಳಗಿನದು ಬಿಡಲಿಲ್ಲ. ಉಗುರಿನಿಂದ ಕೆರೆದಳು. ಮೆದುವಾದ ಬಳಪದ ಕಲ್ಲು ಅದು. ಸುಣ್ಣದ ಜೊತೆಗೆ ಕಲ್ಲಿನ ಪುಡಿಯೂ ಬಂತು. ದೊರೆಸ್ವಾಮಿ ಅವಳ ಕೈ ತಡೆದರು. "ಕೆರೆದರೆ ಹೆಸರೂ ಹೋಗುತ್ತದೆ. ಅಡ್ಡಬೆಳಕು ಬಿದ್ದರೆ ಸಣ್ಣ ತಗ್ಗಿನಲ್ಲೂ ನೆರಳು ನಿಲ್ಲುತ್ತದೆ, ಆಗ ಓದಬಹುದು. ಆದರೆ ಈ ಕಲ್ಲು ಉತ್ತರಕ್ಕೆ ಮುಖ ಮಾಡಿದೆ, ಚಳಿಗಾಲದಲ್ಲಿ ಇದಕ್ಕೆ ಬಿಸಿಲೇ ಇಲ್ಲ. ಯಾರ ಹತ್ತಿರವಾದರೂ ಕನ್ನಡಿ ಇದೆಯೇ?"

ಕನ್ನಡಿ ಇತ್ತು. ಹುಣಸೆಮರದ ಕೆಳಗೆ ಕ್ಷೌರದ ಮುದ್ದಯ್ಯ ಹನುಮಣ್ಣನಿಗೆ ಗಡ್ಡ ಕೆರೆಯುತ್ತಿದ್ದ. ಆದರೆ ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗೋರಿಯ ನೆಲಕ್ಕೆ ಹೋದ ಕನ್ನಡಿ ಮತ್ತೆ ಊರೊಳಗೆ ಬರಬಾರದು ಎಂಬುದು ಪಾಳ್ಯದ ಕಟ್ಟುಪಾಡು. ಸತ್ತವರು ಅದರಲ್ಲಿ ಮುಖ ನೋಡಿಕೊಂಡಿರುತ್ತಾರೆ ಎಂಬ ಭಯ. ಮುದ್ದಯ್ಯನಿಗೆ ಇದ್ದದ್ದು ಅದೊಂದೇ ಕನ್ನಡಿ.

"ಆರೋಗ್ಯಕ್ಕ, ಇದನ್ನ ಒಳಗೆ ತಂದರೆ ನಾಳೆಯಿಂದ ಯಾರು ನನ್ನ ಮುಂದೆ ಕೂರ್ತಾರೆ?" ಎಂದ ಅವನು.

"ಕೂರೋರು ಇರಲಿ, ನನ್ನ ಅರ್ಧ ಗಡ್ಡ ಮುಗಿಸು ಮಾರಾಯ," ಎಂದ ಹನುಮಣ್ಣ. "ಹೊತ್ತು ಮುಳುಗೋದ್ರೊಳಗೆ ಕಲ್ಲು ತೂಬಿಗೆ ಇಳಿಸಬೇಕು."

ಆರೋಗ್ಯಮ್ಮ ಬೇಡಿಕೊಳ್ಳಲಿಲ್ಲ. ಸುಣ್ಣ ಮೆತ್ತಿದ ಬೆರಳುಗಳನ್ನು ಚಾಚಿ ತೋರಿಸಿದಳು. "ಮುದ್ದಯ್ಯಾ, ಅಪ್ಪನ ಹೆಸರು ಅಳಿಸಿದ ಕೈ ಇದೇ ಕಣಪ್ಪ," ಎಂದಳು. ಮುದ್ದಯ್ಯ ಹನುಮಣ್ಣನ ಅರ್ಧ ಗಡ್ಡವನ್ನೂ ಕನ್ನಡಿಯನ್ನೂ ನೋಡಿದ. ಆಮೇಲೆ ಕನ್ನಡಿಯನ್ನು ಎದೆಗವಚಿಕೊಂಡು ಬಾಗಿಲು ದಾಟಿದ.

ಅಷ್ಟರಲ್ಲಿ ಹುಣಸೆಮರದ ನೆರಳು ಮೂಲೆಯತ್ತ ಸರಿಯುತ್ತಿತ್ತು. ನೆರಳು ಬಂದರೆ ಕನ್ನಡಿಗೆ ಬಿಸಿಲು ಸಿಗದು. ಉಳಿದದ್ದು ಎರಡು ಮಾರು ಬಿಸಿಲು. ಕನ್ನಡಿಯೂ ಚಿಕ್ಕದು, ಅದರ ಬೆಳಕು ಅಂಗೈಯಗಲವಷ್ಟೇ. "ಕ್ಯಾಮೆರಾದ ಮುಚ್ಚಳ ತೆಗೆದು ಅರವತ್ತು ಎಣಿಸುತ್ತೇನೆ," ಎಂದರು ದೊರೆಸ್ವಾಮಿ. "ಅಷ್ಟರಲ್ಲಿ ಬೆಳಕು ಪ್ರತಿ ಸಾಲಿನ ಮೇಲೂ ನಿಧಾನವಾಗಿ ಹಾಯಬೇಕು. ಕೈ ನಡುಗಿದರೆ ಹಲಗೆ ಹಾಳು. ಇನ್ನೊಂದು ಹಲಗೆ ಇಲ್ಲ."

"ಊರಿನವರ ಗಂಟಲ ಮೇಲೆ ಕತ್ತಿ ಆಡಿಸೋ ಕೈ ಸ್ವಾಮಿ, ನಡುಗಿದ್ದರೆ ಊರೇ ಇರ್ತಿರಲಿಲ್ಲ," ಎಂದ ಮುದ್ದಯ್ಯ. "ಆದರೆ ಸಾಲು ಎಲ್ಲಿದೆ ಅಂತ ನನಗೆ ಕಾಣಬೇಕಲ್ಲ?"

ಅದು ಆರೋಗ್ಯಮ್ಮನಿಗೆ ಮಾತ್ರ ಗೊತ್ತಿತ್ತು. ಓದು ಬಾರದಿದ್ದರೂ, ಅಷ್ಟು ವರ್ಷ ಸುಣ್ಣದ ಬಟ್ಟೆ ಎಲ್ಲೆಲ್ಲಿ ತಡೆಯುತ್ತಿತ್ತು ಎಂಬುದು ಅವಳ ಬೆರಳಿಗೆ ನೆನಪಿತ್ತು. ಮುಚ್ಚಳ ತೆರೆಯಿತು. ಅವಳು ಪಕ್ಕದಲ್ಲಿ ನಿಂತು ಪಿಸುಗುಟ್ಟಿದಳು: "ಮೇಲೆ... ಹಾಗೇ ಬಲಕ್ಕೆ. ಈಗ ಎರಡು ಬೆರಳು ಕೆಳಗೆ." ಗಡ್ಡ ಕೆರೆಯುವಷ್ಟೇ ನಿಧಾನವಾಗಿ ಬೆಳಕು ಸರಿಯಿತು. ಎಣಿಕೆ ನಲವತ್ತಕ್ಕೆ ಬಂದಾಗ ನೆರಳು ಮುದ್ದಯ್ಯನ ಹಿಮ್ಮಡಿ ಮುಟ್ಟಿತು. ಐವತ್ತಕ್ಕೆ ಸೊಂಟಕ್ಕೇರಿತು. ಅವನು ಮೈ ಅಲುಗಿಸದೆ ಕನ್ನಡಿಯನ್ನಷ್ಟೇ ತಲೆಯ ಮೇಲಕ್ಕೆ ಎತ್ತಿದ. "ಕೊನೇ ಸಾಲು," ಎಂದಳು ಅವಳು. ಅರವತ್ತು ಎಂದು ಮುಚ್ಚಳ ಬಿದ್ದ ಹಿಂದೆಯೇ ಕನ್ನಡಿ ಮಂಕಾಯಿತು.

ದೊರೆಸ್ವಾಮಿ ಹಲಗೆಯನ್ನು ಕಪ್ಪು ಡೇರೆಯೊಳಗೆ ಒಯ್ದರು. ಔಷಧಿಯಲ್ಲಿ ಚಿತ್ರ ಮೂಡುವ ತನಕ ಹಲಗೆಗೆ ಬೆಳಕು ತಾಗಬಾರದು, ಅದಕ್ಕಾಗಿ ಡೇರೆ. ಹನುಮಣ್ಣ ಹಾರೆ ಹಿಡಿದು ಕಲ್ಲಿನ ಬಳಿ ನಿಂತ. ಬಹಳ ಹೊತ್ತಿನ ಮೇಲೆ ಹೊರಬಂದ ದೊರೆಸ್ವಾಮಿ ಒದ್ದೆ ಗಾಜನ್ನು ಆಕಾಶಕ್ಕೆ ಹಿಡಿದರು. ಆ ಗಾಜಿನಲ್ಲಿ ಬಿಳಿಯದು ಕಪ್ಪಾಗಿ, ಕಪ್ಪಾದದ್ದು ಬಿಳಿಯಾಗಿ ಕಾಣುತ್ತದೆ. ಆರೋಗ್ಯಮ್ಮನ ಬೆಳ್ಳನೆಯ ಕಲ್ಲು ಕಗ್ಗಪ್ಪಾಗಿತ್ತು, ಅದರಲ್ಲಿ ನಾಲ್ಕು ಸಾಲು ಬೆಳ್ಳಗೆ ಹೊಳೆಯುತ್ತಿದ್ದವು. ಅವರು ಓದಿ ಹೇಳಿದರು: ಇನ್ನಾಸಪ್ಪ, ಕಹಳೆಯವನು, ವಯಸ್ಸು ಇಪ್ಪತ್ತಾರು, ಶಾಂತಿಯಲ್ಲಿರಲಿ.

"ಇಪ್ಪತ್ತಾರಾ? ನನ್ನ ದೊಡ್ಡ ಮಗನಿಗಿಂತ ಚಿಕ್ಕವನು," ಎಂದಳು ಆರೋಗ್ಯಮ್ಮ. ಹನುಮಣ್ಣ ಹಾರೆಯನ್ನು ಗಾಡಿಗೆ ಹಾಕಿ, ಅರ್ಧ ಗಡ್ಡದಲ್ಲೇ ಊರ ಕಡೆ ಹೊರಟನಂತೆ.

ಕನ್ನಡಿ ಮಾತ್ರ ಊರಿಗೆ ಹಿಂತಿರುಗಲಿಲ್ಲ. ಮಡಕೆಯಲ್ಲಿ ಮುಂದಿನ ಹಬ್ಬಕ್ಕೆಂದು ಇಟ್ಟಿದ್ದ ಸುಣ್ಣವನ್ನು ತಂದು, ಕಲ್ಲಿನ ಪಕ್ಕದ ಗೋಡೆಯಲ್ಲಿ ಕನ್ನಡಿಯನ್ನು ಆರೋಗ್ಯಮ್ಮನೇ ಕೂರಿಸಿದಳು. ಕಲ್ಲಿಗೆ ಅವಳು ಮತ್ತೆಂದೂ ಸುಣ್ಣ ಬಳಿಯಲಿಲ್ಲ. ಮುದ್ದಯ್ಯನ ಮುಂದೆ ಜನ ಕನ್ನಡಿಯಿಲ್ಲದೆಯೇ ಗಡ್ಡ ಕೆರೆಸಿಕೊಂಡರು, ಮುಖ ಹೇಗಾಯಿತು ಎಂದು ಕೇಳಿದರೆ ಅವನು, ಹನುಮಣ್ಣನಿಗಿಂತ ವಾಸಿ, ಎನ್ನುತ್ತಿದ್ದನಂತೆ.

ಈಗಲೂ ಅಲ್ಲಿಗೆ ಹೋದವರು ಗೋಡೆಯಲ್ಲಿ ಅಂಗೈಯಗಲದ ಗಾಜನ್ನು ನೋಡಬಹುದು. ಅದರ ಹಿಂಬದಿಯ ಲೇಪ ಬಹಳಷ್ಟು ಉದುರಿದೆ, ಮುಖ ಕಾಣುವುದಿಲ್ಲ. ಆದರೆ ಚಳಿಗಾಲದ ಇಳಿಹೊತ್ತಿನಲ್ಲಿ, ಹುಣಸೆಯ ನೆರಳು ಬರುವುದಕ್ಕೆ ಮೊದಲು, ಮೂಲೆಯ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಒಂದು ಮಸುಕು ಬೆಳಕು ಬೀಳುತ್ತದೆ. ಫೋಟೋ ತೆಗೆಯುವವರು ಅದಕ್ಕಾಗಿ ಕಾದು ಕೂರುತ್ತಾರೆ. ಆಗ ಮೊದಲ ಸಾಲನ್ನು ಓದಬಹುದು.