ಹಾಳೆಯಲ್ಲಿ ಇಲ್ಲದ ಸುಬ್ಬಿ

ಕಾವೇರಿ ದಂಡೆಯ ಒಂದು ಕುದುರೆ ಫಾರಮ್ಮಿನಲ್ಲಿ ಗೌರಾಜಮ್ಮಣ್ಣಿ ಎಂಬ ಹಿರಿಯರಿದ್ದರು. ರೇಸಿನ ಕುದುರೆಗಳಿಗೆ ಜೋಡಿ ಹಾಕುವುದು ಅವರ ಕಸುಬು. ಯಾವ ಹೆಣ್ಣಿಗೆ ಯಾವ ಗಂಡು ಎಂದು ಅವರು ಹೇಳಿದರೆ ಮುಗಿಯಿತು, ಇನ್ನೊಬ್ಬರು ಬಾಯಿ ಹಾಕುತ್ತಿರಲಿಲ್ಲ.

ಅವರ ಹತ್ತಿರ ಕಲಿಯಲು ಚಂದ್ರಹಾಸ ಎಂಬ ಯುವಕ ಬಂದ. ಬಂದು ವರ್ಷವೂ ತುಂಬಿರಲಿಲ್ಲ, ಅಷ್ಟರಲ್ಲೇ ಫಾರಮ್ಮಿನ ಅಷ್ಟೂ ಕುದುರೆಗಳ ವಂಶಾವಳಿ ಅವನಿಗೆ ಬಾಯಿಪಾಠ. ಅಪ್ಪ, ಅಜ್ಜ, ಮುತ್ತಜ್ಜ, ಅಮ್ಮನ ಅಮ್ಮ, ಅವಳ ಅಮ್ಮ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಬುದ್ಧಿವಂತರಿಗೆ ಬರುವ ಕಾಯಿಲೆಯೂ ಅವನಿಗೆ ಬಂದಿತ್ತು. ಉತ್ತರ ಹೊಳೆದ ಕೂಡಲೇ ಪ್ರಶ್ನೆ ಏನಿತ್ತು ಅನ್ನೋದನ್ನೇ ಮರೆತುಬಿಡುತ್ತಿದ್ದ.

ಒಂದು ಬೆಳಿಗ್ಗೆ ಅವನು ಒಂದು ಜೋಡಿಯನ್ನು ಹಾಳೆಯ ಮೇಲೆ ಬರೆದು ತಂದ.

“ಅಮ್ಮಣ್ಣಿ, ಇಲ್ಲಿ ನೋಡಿ. ಒಬ್ಬನೇ ಮುತ್ತಜ್ಜ ಅಪ್ಪನ ಕಡೆಯಿಂದಲೂ ಬರ್ತಾನೆ, ಅಮ್ಮನ ಕಡೆಯಿಂದಲೂ ಬರ್ತಾನೆ. ಅವನ ಓಟ ಮರಿಗೆ ಎರಡು ಪಾಲು ಸಿಗುತ್ತೆ.”

“ಆ ಮುತ್ತಜ್ಜನ ಮಂಡಿ ಸೊಟ್ಟ ಇತ್ತು. ಅದೆಷ್ಟು ಪಾಲು ಸಿಗುತ್ತೆ?”

ಚಂದ್ರಹಾಸನ ಮುಖ ಸಪ್ಪಗಾಯಿತು. “ಅದೂ ಎರಡು ಪಾಲೇ.”

“ಮಂಡಿ ವಿಷಯ ವಂಶಾವಳಿ ಹಾಳೆಯಲ್ಲಿ ಬರೆದಿರ್ತಾರಾ?”

“ಇಲ್ಲ.”

“ಮತ್ತೆ ಹೇಗೆ ತಿಳ್ಕೋತೀಯ?”

“ಅವನನ್ನ ಕಂಡವರನ್ನ ಕೇಳಬೇಕು.”

ಅಮ್ಮಣ್ಣಿ ತಲೆದೂಗಿದರು. “ಕಲಿತಿದ್ದೀಯ. ಈ ಸಲದ ಜೋಡಿಗಳನ್ನೆಲ್ಲ ನೀನೇ ಹಾಕು.”

ಹುಡುಗನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

“ಇನ್ನೊಂದು ಮಾತು,” ಎಂದರು ಅಮ್ಮಣ್ಣಿ. “ಹೊಸ ಹೆಣ್ಣುಕುದುರೆ ಒಂದು ಬರ್ತಿದೆ. ಲಾಯದಲ್ಲಿ ಜಾಗ ಇಲ್ಲ. ಯಾರನ್ನಾದರೂ ಕಳಿಸಬೇಕು.”

“ಮುದಿ ಕುದುರೆ ಸುಬ್ಬಿನ ಕಳಿಸೋಣ.”

“ಯೋಚನೆ ಮಾಡದೆ ಹೇಳಿಬಿಟ್ಟೆಯಲ್ಲೋ!”

“ಯೋಚನೆ ಮಾಡೋಕೆ ಅವಳ ಹಾಳೆಯಲ್ಲಿ ಏನಿದೆ ಅಮ್ಮಣ್ಣಿ? ಅವಳು ಗೆಲ್ಲಲಿಲ್ಲ. ಅವಳ ಅಮ್ಮ ಗೆಲ್ಲಲಿಲ್ಲ. ಅಜ್ಜಿಯಂತೂ ಓಡಲೇ ಇಲ್ಲ. ಮೂರು ಮರಿ ಹಾಕಿದ್ದಾಳೆ, ಮೂರೂ ರೇಸಿಗೆ ಬರಲಿಲ್ಲ. ಈಗ ಗರ್ಭವೂ ನಿಲ್ಲಲ್ಲ. ಸುಮ್ಮನೆ ಹುರುಳಿ ತಿಂದ್ಕೊಂಡು ನಿಂತಿದ್ದಾಳೆ.”

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಅಮ್ಮಣ್ಣಿ ಹೊಳೆಯ ಕಡೆ ನೋಡಿದರು. ಆಮೇಲೆ ಹೇಳಿದರು, “ಒಂದು ಒಗಟು ಹಾಕ್ತೀನಿ. ಅದನ್ನ ಬಿಡಿಸಿ ಕಳಿಸು. ನಮ್ಮಲ್ಲಿ ಹುಟ್ಟಿದ ಐದು ಕುದುರೆ ದೊಡ್ಡ ರೇಸು ಗೆದ್ದಿವೆ. ಐದೂ ಮರಿಯಾಗಿದ್ದಾಗ ಮಹಾ ಪುಕ್ಕಲು. ಎಲೆ ಅಲ್ಲಾಡಿದರೆ ನಡುಗೋವು. ಅವಕ್ಕೆ ಧೈರ್ಯ ಯಾರಿಂದ ಬಂತು?”

ಚಂದ್ರಹಾಸನಿಗೆ ಇದು ಹಬ್ಬದೂಟ. ಐದು ಕುದುರೆಗಳ ಹಾಳೆಗಳನ್ನೂ ಹಾಸಿಕೊಂಡು ಕೂತ. ಅಪ್ಪಂದಿರು ಬೇರೆ ಬೇರೆ. ಅಮ್ಮಂದಿರೂ ಬೇರೆ ಬೇರೆ. ಈ ಕಸುಬಿನಲ್ಲಿ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನ್ನು ಮಾತ್ರ ಒಡಹುಟ್ಟು ಎನ್ನುತ್ತಾರೆ. ಹಾಗೆ ನೋಡಿದರೆ ಈ ಐದಕ್ಕೂ ಒಂದಕ್ಕೊಂದು ನೆಂಟಸ್ತನವೇ ಇರಲಿಲ್ಲ.

ಹಿಂದಕ್ಕೆ ಹೋದ. ಇನ್ನೂ ಹಿಂದಕ್ಕೆ ಹೋದ. ಕೊನೆಗೆ ಒಂದು ಹೆಸರು ಸಿಕ್ಕಿತು. ಓಡಿಬಂದ.

“ಸಿಕ್ತು ಅಮ್ಮಣ್ಣಿ! ಐದಕ್ಕೂ ಒಬ್ಬನೇ ಮೂಲಪುರುಷ. ಅರಬ್ಬೀ ಗಂಡುಕುದುರೆ.”

ಅಮ್ಮಣ್ಣಿ ಜೋರಾಗಿ ನಕ್ಕುಬಿಟ್ಟರು. “ಅಯ್ಯೋ ಮಂಕೇ! ಅವನು ನಮ್ಮ ಎಲ್ಲ ಕುದುರೆಗೂ ಮೂಲಪುರುಷನೇ. ಪುಕ್ಕಲಾಗೇ ಉಳಿದವಕ್ಕೂ ಅವನೇ. ಇನ್ನೂ ಹುಡುಕು.”

ಅಷ್ಟರಲ್ಲಿ ಅಮ್ಮಣ್ಣಿಯವರ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಅವರು ಮೈಸೂರಿಗೆ ಹೊರಟರು. ಕಾರು ಹತ್ತುವಾಗ, “ಫಾರಂ ನೋಡ್ಕೋ,” ಎಂದರು. ಬೇರೇನೂ ಹೇಳಲಿಲ್ಲ.

ಅವರು ಹೋದ ಮೇಲೆ ಚಂದ್ರಹಾಸನಿಗೆ ಇನ್ನೊಂದು ಹೆಸರು ಸಿಕ್ಕಿತು. ಏಳನೇ ತಲೆಮಾರಿನಲ್ಲಿ ಒಂದು ಹೆಣ್ಣುಕುದುರೆ. ಐದೂ ಹಾಳೆಗಳಲ್ಲಿ ಅವಳಿದ್ದಳು. ಒಂದರಲ್ಲಿ ಈ ಮೂಲೆ, ಇನ್ನೊಂದರಲ್ಲಿ ಆ ಮೂಲೆ, ಆದರೆ ಇದ್ದಳು. ಧೈರ್ಯ ಅವಳಿಂದಲೇ ಬಂತು ಎಂದು ಅವನಿಗೆ ಖಾತ್ರಿಯಾಗಿಹೋಯಿತು. ಸುಬ್ಬಿಯ ಹಾಳೆಯಲ್ಲಿ ಅವಳ ಸುಳಿವೂ ಇರಲಿಲ್ಲ.

ಹೊಸ ಕುದುರೆಯ ಲಾರಿ ಬಂದು ನಿಂತಿತು. ಅದೇ ಹೊತ್ತಿಗೆ ಪಟ್ಟಣದಲ್ಲಿ ಜಟಕಾ ಓಡಿಸುವ ಅಬ್ಬಾಸ್ ಬಂದು, ಸಾಧು ಸ್ವಭಾವದ ಕುದುರೆ ಯಾವುದಾದರೂ ಇದ್ದರೆ ಕೊಡಿ ಎಂದು ಕೇಳಿದ.

“ಅಮ್ಮಣ್ಣಿಯವರು ಬರಲಿ ಸ್ವಾಮಿ,” ಎಂದು ಲಾಯದವರು ಹೇಳಿದರು.

“ನೋಡ್ಕೋ ಅಂತ ನನಗೆ ಹೇಳಿ ಹೋಗಿದ್ದಾರೆ,” ಎಂದ ಚಂದ್ರಹಾಸ.

ಸುಬ್ಬಿ ಅಬ್ಬಾಸನ ಹಿಂದೆ ತಕರಾರಿಲ್ಲದೆ ಹೊರಟುಹೋದಳು.

ಮರಿಗಳನ್ನು ತಾಯಂದಿರಿಂದ ಬಿಡಿಸುವ ಕಾಲ ಅದು. ಹಾಲು ಬಿಟ್ಟ ಮರಿಗಳನ್ನು ಹೊಳೆ ಕಡೆಯ ಬೇಲಿಯೊಳಗೆ ಬಿಟ್ಟು, ತಾಯಂದಿರನ್ನು ದೂರದ ಬಯಲಿಗೆ ಹೊಡೆಯುತ್ತಾರೆ. ಚಂದ್ರಹಾಸ ಈ ಕೆಲಸವನ್ನು ಓದಿ ತಿಳಿದಿದ್ದ, ಕಣ್ಣಾರೆ ಕಂಡಿರಲಿಲ್ಲ. ಅಮ್ಮಣ್ಣಿ ಬರುವಷ್ಟರಲ್ಲಿ ಮುಗಿಸಿ ಶಭಾಷ್ ಅನ್ನಿಸಿಕೊಳ್ಳಬೇಕೆಂದು ಅವನಿಗೆ ಆಸೆ.

ಆ ಮರಿಗಳಲ್ಲಿ ಜಾಜಿ ಎಂಬುದೊಂದಿತ್ತು. ಅವನು ಬಂದ ಮೇಲೆ ಹುಟ್ಟಿದ ಮೊದಲ ಹೆಣ್ಣುಮರಿ. ಹುಟ್ಟಿದಾಗ ಗೋಣಿಚೀಲದಿಂದ ಅದರ ಮೈ ಒರೆಸಿದವನು ಅವನೇ. ಅದರ ಹಾಳೆ ಕಂಡು ಅವನು ಹಿಗ್ಗಿದ್ದುಂಟು. ಆದರೆ ಅದರ ಮೇಲಿದ್ದ ಪ್ರೀತಿ ಹಾಳೆಯಿಂದ ಬಂದದ್ದಲ್ಲ. ಅವನ ಅಂಗಿಯ ಚುಂಗು ಕಚ್ಚಿಕೊಂಡು ಹಿಂದೆ ಹಿಂದೆ ಬರುತ್ತಿತ್ತು, ಅಷ್ಟೇ.

ತಾಯಂದಿರನ್ನು ಹೊಡೆದುಕೊಂಡು ಹೋದರು.

ಮರಿಗಳು ಮೊದಲು ಸುಮ್ಮನೆ ನಿಂತವು. ಆಮೇಲೆ ಒಂದು ಕೂಗಿತು. ಆಮೇಲೆ ಎಲ್ಲವೂ ಕೂಗಿದವು. ಬೇಲಿಯ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ಓಡತೊಡಗಿದವು. ಹುಲ್ಲು ಹಾಕಿದರೆ ಮೂಸಲಿಲ್ಲ. ಹತ್ತಿರ ಹೋದರೆ ಇನ್ನೂ ಬೆದರಿದವು.

ಸಂಜೆಯಾಗುವ ಹೊತ್ತಿಗೆ ಜಾಜಿ ಬೇಲಿ ಹಾರಲು ಹೋಯಿತು.

ಆ ರಾತ್ರಿ ಅಮ್ಮಣ್ಣಿ ಹಿಂತಿರುಗಿದಾಗ ಜಾಜಿಯ ಭುಜಕ್ಕೆ ಹೊಲಿಗೆ ಬಿದ್ದಿತ್ತು. ಚಂದ್ರಹಾಸ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲಾಯದೊಳಗೆ ಹುಲ್ಲಿನ ಮೇಲೆ ಕೂತಿದ್ದ. ಹೊರಗೆ ಮಿಕ್ಕ ಮರಿಗಳು ಇನ್ನೂ ಕೂಗುತ್ತಿದ್ದವು.

ಅಮ್ಮಣ್ಣಿಯವರ ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿತ್ತು. ಇನ್ನೊಂದು ಕಣ್ಣಿನಿಂದ ಅವರು ಮರಿಯನ್ನು ನೋಡಿದರು.

“ಡಾಕ್ಟರ್ ಏನಂದ್ರು?”

“ಜೀವಕ್ಕೆ ಭಯ ಇಲ್ಲವಂತೆ. ಗಾಯ ಮಾಯುತ್ತೆ.” ಅವನು ಮರಿಯ ಕತ್ತು ಸವರಿದ. “ರೇಸು ಅನುಮಾನ ಅಂದ್ರು.”

“ಸುಬ್ಬಿ ಎಲ್ಲೋ?”

“ಅಬ್ಬಾಸಿಗೆ ಕೊಟ್ಟೆ.”

“ಒಗಟು?”

“ಬಿಡಿಸಿದೆ ಅಂದ್ಕೊಂಡೆ. ಏಳನೇ ತಲೆಯಲ್ಲಿ ಒಬ್ಬಳು ಸಿಕ್ಕಿದ್ದಳು.”

“ಏಳನೇ ತಲೆವರೆಗೆ ಹೋದರೆ ಯಾರು ಬೇಕಾದರೂ ಸಿಗ್ತಾರೆ,” ಎಂದರು ಅಮ್ಮಣ್ಣಿ.

ಬೈಗುಳಕ್ಕೆ ಅವನು ಕಾದು ಕೂತ. ಬೈಗುಳ ಬರಲಿಲ್ಲ. ಅಮ್ಮಣ್ಣಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಪಕ್ಕದಲ್ಲಿ ಹುಲ್ಲಿನ ಮೇಲೆಯೇ ಕೂತರು.

“ಅರ್ಧ ತಪ್ಪು ನಂದು,” ಎಂದರು. “ವಯಸ್ಸಾದವರಿಗೆ ಒಗಟಿನ ಚಪಲ. ನೇರ ಹೇಳಿದ್ದರೆ ಈ ಕೂಸಿಗೆ ಹೊಲಿಗೆ ಬೀಳ್ತಿರಲಿಲ್ಲ. ಈಗ ನೇರ ಹೇಳ್ತೀನಿ, ಕೇಳು. ಮರಿಗಳು ಅಳ್ತಿವೆ. ಸುಬ್ಬಿನ ಕರ್ಕೊಂಡು ಬಾ.”

ಬೆಳಕು ಹರಿಯುತ್ತಲೇ ಅವನು ಪಟ್ಟಣಕ್ಕೆ ಹೋದ. ಜಟಕಾ ನಿಲ್ದಾಣದಲ್ಲಿ ಸುಬ್ಬಿ ಗಾಡಿಗೆ ಕಟ್ಟಿಸಿಕೊಂಡು ನಿಂತಿದ್ದಳು. ಅಬ್ಬಾಸ್ ಅವಳ ಹಣೆಗೆ ಕೆಂಪು ಕುಚ್ಚು ಕಟ್ಟಿದ್ದ.

“ಸುಬ್ಬಿನ ವಾಪಸ್ಸು ಕೊಡಿ ಅಬ್ಬಾಸಣ್ಣ. ಬದಲಿಗೆ ಬೇರೆ ಕುದುರೆ ಕೊಡ್ತೀನಿ.”

“ಅದೆಂಥ ಮಾತು ಸ್ವಾಮಿ!” ಅಬ್ಬಾಸನಿಗೆ ಸಿಟ್ಟು ಬಂತು. “ಕೊಟ್ಟದ್ದನ್ನ ಯಾರಾದರೂ ಕೇಳ್ತಾರಾ? ನಮ್ಮ ಮನೆ ಮಕ್ಕಳು ಇವಳಿಗೆ ಆಗಲೇ ಬೆಲ್ಲ ತಿನ್ನಿಸಿ ಮುದ್ದು ಮಾಡ್ತಿವೆ. ಕೆಲಸಕ್ಕೆ ಬಾರದ ಕುದುರೆ ಅಂತ ನೀವೇ ಅಂದ್ರಲ್ಲ, ಈಗೇನು ಇವಳು ರೇಸಿಗೆ ಓಡ್ತಾಳಾ?”

“ಇಲ್ಲ, ಓಡಲ್ಲ,” ಎಂದ ಚಂದ್ರಹಾಸ. “ತಾಯಿ ಬಿಟ್ಟ ಮರಿಗಳು ಅಳ್ತಿವೆ. ನಿನ್ನೆಯಿಂದ ಏನೂ ತಿಂದಿಲ್ಲ. ಒಂದು ಮರಿಗೆ ಪೆಟ್ಟಾಯ್ತು. ತಪ್ಪು ನಂದು.”

ಅಬ್ಬಾಸ್ ಅವನ ಮುಖವನ್ನೇ ನೋಡಿದ. ಆಮೇಲೆ ಗಾಡಿಯ ಪಟ್ಟಿಗಳನ್ನು ಬಿಚ್ಚತೊಡಗಿದ.

“ಮೊದಲೇ ಹೇಳಬಾರದಾ ಇದನ್ನ,” ಎಂದ. “ಕುಚ್ಚು ಅವಳಿಗೇ ಇರಲಿ.”

ಸುಬ್ಬಿಯನ್ನು ಮರಿಗಳ ಬೇಲಿಯೊಳಗೆ ಬಿಟ್ಟರು. ಮರಿಗಳು ಧೂಳೆಬ್ಬಿಸುತ್ತ ಓಡಿಬಂದವು. ಒಂದು ಗಂಡುಮರಿ ಹಾಲಿಗೆಂದು ಹೊಟ್ಟೆಗೆ ಮೂತಿ ಹಾಕಿತು. ಸುಬ್ಬಿ ಕಿವಿ ಹಿಂದಕ್ಕೆ ಮಾಡಿ ಅದರ ಬೆನ್ನಿಗೆ ಒಂದು ಕಡಿತ ಕೊಟ್ಟಳು. ಮರಿ ಹಿಂದೆ ಸರಿದು ನಿಂತಿತು.

ಸುಬ್ಬಿ ತಲೆ ತಗ್ಗಿಸಿ ಮೇಯತೊಡಗಿದಳು. ಅವಳು ಮಾಡಿದ್ದು ಅಷ್ಟೇ.

ಸ್ವಲ್ಪ ಹೊತ್ತಿಗೆ ಒಂದು ಮರಿ ಅವಳ ಪಕ್ಕದಲ್ಲಿ ಹುಲ್ಲಿಗೆ ಬಾಯಿ ಹಾಕಿತು. ಆಮೇಲೆ ಇನ್ನೊಂದು. ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಎಲ್ಲ ಮರಿಗಳೂ ತಟ್ಟನೆ ತಲೆ ಎತ್ತಿ ಸುಬ್ಬಿಯನ್ನು ನೋಡಿದವು. ಅವಳು ಮೇಯುತ್ತಲೇ ಇದ್ದಳು. ಮರಿಗಳೂ ತಲೆ ತಗ್ಗಿಸಿದವು.

ಬೇಲಿ ಹಿಡಿದು ನಿಂತಿದ್ದ ಚಂದ್ರಹಾಸನ ಕಣ್ಣಲ್ಲಿ ನೀರು ಬಂತು. “ಆ ಐದೂ ಇವಳ ಜೊತೆಗೇ ಇದ್ದವಾ ಅಮ್ಮಣ್ಣಿ?”

“ಪುಕ್ಕಲು ಮರಿಗಳನ್ನ ಇನ್ನೆಲ್ಲಿ ಬಿಡೋಣ?”

ಅವನು ಸರಸರನೆ ತನ್ನ ಕೋಣೆಗೆ ಹೋದ. ವಂಶಾವಳಿಯ ಹಾಳೆಗಳನ್ನೆಲ್ಲ ಬಾಚಿಕೊಂಡು ಹೊಳೆಯ ಮೆಟ್ಟಿಲಿಗೆ ಬಂದ. ಅಮ್ಮಣ್ಣಿ ಅವನ ಹಿಂದೆಯೇ ನಿಧಾನವಾಗಿ ನಡೆದು ಬಂದರು.

“ಏನೋ ಇದು?”

“ಹೊಳೆಗೆ ಹಾಕಿಬಿಡ್ತೀನಿ. ಇದನ್ನ ನಂಬಿ ಜಾಜಿಯ ಓಟ ಕಳೆದೆ.”

“ಹಾಳೆ ಪಾಪ ಏನು ಮಾಡ್ತು? ರಕ್ತದ ವಿಷಯ ಕೇಳಿದೆ, ರಕ್ತದ ವಿಷಯ ಹೇಳ್ತು. ಒಂದು ಸುಳ್ಳಾದರೂ ಹೇಳಿತಾ?”

“ಇಲ್ಲ.”

“ರಕ್ತ ನೋಡದೆ ಜೋಡಿ ಹಾಕಿದರೆ ಮತ್ತೆ ಸೊಟ್ಟ ಮಂಡಿ ಹುಟ್ಟುತ್ತೆ. ಕೂತ್ಕೋ. ಜೋಡಿ ಹಾಕೋ ಕೆಲಸ ಇನ್ನೂ ನಿಂದೇ.”

ಅವನು ನಂಬಲಾರದೆ ಅವರನ್ನು ನೋಡಿದ. “ಇಷ್ಟೆಲ್ಲ ಆದ ಮೇಲೂ?”

“ಇಷ್ಟೆಲ್ಲ ಆಗದವನಿಗೆ ಕೊಡೋಕೆ ನನಗೆ ಭಯ.”

ಅವನು ಮೆಟ್ಟಿಲ ಮೇಲೆ ಕೂತು ಹಾಳೆಗಳನ್ನು ಒಂದೊಂದಾಗಿ ಜೋಡಿಸಿದ. ಜಾಜಿಯ ಹಾಳೆ ಬಂದಾಗ ಕೈ ನಿಂತಿತು.

“ಇವಳ ಗತಿ ಏನು ಅಮ್ಮಣ್ಣಿ?”

“ಓಡಿದರೆ ಓಡ್ತಾಳೆ. ಓಡದಿದ್ದರೆ ಸುಬ್ಬಿ ಪಕ್ಕದಲ್ಲಿ ಮೇಯ್ತಾಳೆ. ಸುಬ್ಬಿಗೂ ವಯಸ್ಸಾಯ್ತು.”

ಬೇಲಿಯ ಕಡೆಯಿಂದ ಸದ್ದಿರಲಿಲ್ಲ. ಚಂದ್ರಹಾಸ ಗೆದ್ದ ಕುದುರೆಯೊಂದರ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡ. ಪೆನ್ನು ತೆಗೆದ. ಪೆನ್ನಿನ ತುದಿ ಸಾಲಿನಿಂದ ಸಾಲಿಗೆ ಓಡಾಡಿತು, ಎಲ್ಲೂ ಕೂರಲಿಲ್ಲ.

“ಮೇಲಿನ ಸಾಲು ಅಪ್ಪನದು,” ಎಂದ ಕೊನೆಗೆ. “ಕೆಳಗಿನ ಸಾಲು ಅಮ್ಮನದು. ಇದರಲ್ಲಿ ಸುಬ್ಬಿಯ ಹೆಸರನ್ನ ಎಲ್ಲಿ ಬರೀಲಿ ಅಮ್ಮಣ್ಣಿ?”

ಅಮ್ಮಣ್ಣಿ ಎದ್ದು, ಅವನ ತಲೆಯ ಮೇಲೆ ಕೈಯಿಟ್ಟರು.

“ನಿಮ್ಮ ಮನೆ ವಂಶಾವಳಿಯಲ್ಲಿ ನನ್ನ ಹೆಸರನ್ನ ಯಾವ ಸಾಲಲ್ಲಿ ಬರೆದಿದ್ದೀಯೋ ಚಂದ್ರು?”